ಬೋಟಿನ ಬ್ಯಾಟರಿ ಸಾಯೋದು ಅರೆಹೊಟ್ಟೆಯಿಂದ

ಪ್ರಶ್ನೆ: ನಮ್ಮದು ಗಂಗೊಳ್ಳಿಯ ಗಿಲ್‌ನೆಟ್ ಬೋಟ್. ಒಂದು ಟ್ರಿಪ್ ಅಂದರೆ ಎಂಟು ಹತ್ತು ದಿನ. ಸಂಜೆ ಬಲೆ ಬಿಟ್ಟ ಮೇಲೆ ಎಂಜಿನ್ ಬಂದ್. ಬೆಳಗಿನ ಜಾವ ಬಲೆ ಎಳೆಯುವವರೆಗೆ ಲೈಟ್, ವೈರ್‌ಲೆಸ್, ಜಿಪಿಎಸ್, ಫ್ಯಾನ್ ಎಲ್ಲಾ ಬ್ಯಾಟರಿಯಲ್ಲೇ ನಡೆಯಬೇಕು. ಹಗಲು ಆರೇಳು ಗಂಟೆ ಎಂಜಿನ್ ಓಡುತ್ತದೆ. 12 ವೋಲ್ಟಿನ 150 ಎಎಚ್ (ಆಂಪಿಯರ್ ಅವರ್, ಅಂದರೆ ಆಂಪಿಯರ್ ಗುಣಿಸು ಗಂಟೆ) ಟ್ಯೂಬ್ಯುಲರ್ ಬ್ಯಾಟರಿ ಎರಡು ಪ್ಯಾರಲಲ್ ಹಾಕಿದ್ದೇವೆ. ಎಂಜಿನ್ ಸ್ಟಾರ್ಟ್ ಮಾಡಲು ಬೇರೆ ಬ್ಯಾಟರಿ ಇದೆ. ನಾಲ್ಕು ವರ್ಷ ಬರುತ್ತದೆ ಅಂದಿದ್ದರು, ಒಂದೂವರೆ ವರ್ಷಕ್ಕೇ ಸುಸ್ತು. ಈಗ ರಾತ್ರಿ ಎರಡು ಗಂಟೆಗೆಲ್ಲ ವೈರ್‌ಲೆಸ್ ಆಫ್ ಆಗುತ್ತದೆ. ಇನ್ನೂ ದೊಡ್ಡ ಬ್ಯಾಟರಿ ಹಾಕಬೇಕಾ? ಲಿಥಿಯಂ ಹಾಕಬೇಕಾ?

ಉತ್ತರ: ದೊಡ್ಡದು ಬೇಡ. ಲಿಥಿಯಂ ವಿಷಯ ಕೊನೆಗೆ ಹೇಳುತ್ತೇನೆ. ಮೊದಲು ಹಳೆಯದು ಯಾಕೆ ಹೋಯಿತು ಅಂತ ನೋಡೋಣ. ಅದು ಗೊತ್ತಾಗದೆ ಹೊಸದು ತಂದಿಟ್ಟರೆ ಅದೂ ಒಂದೂವರೆ ವರ್ಷಕ್ಕೇ ಗುಜರಿಗೆ ಹೋಗುತ್ತದೆ.

ನಿಮ್ಮ ರಾತ್ರಿಯ ಖರ್ಚು ಲೆಕ್ಕ ಹಾಕಿ. ಎಲ್‌ಇಡಿ ಲೈಟ್ ಎಲ್ಲಾ ಸೇರಿ 40 ವ್ಯಾಟ್ ಅಂತ ಇಟ್ಟುಕೊಳ್ಳೋಣ. ಹನ್ನೊಂದು ಗಂಟೆಗೆ ಸುಮಾರು 37 ಎಎಚ್. 20 ವ್ಯಾಟಿನ ಫ್ಯಾನ್ ಎಂಟು ಗಂಟೆ ತಿರುಗಿದರೆ 13. ಜಿಪಿಎಸ್ ಗಂಟೆಗೆ ಒಂದರಂತೆ 11. ವೈರ್‌ಲೆಸ್ ಸುಮ್ನೆ ಕೇಳಿಸಿಕೊಳ್ಳುತ್ತಾ ಇದ್ದರೆ ಅರ್ಧ ಆಂಪಿಯರ್ ಎಳೆಯುತ್ತದೆ, ಮಾತಾಡುವಾಗ ಐದು ಆಂಪಿಯರ್ ದಾಟುತ್ತದೆ. ಅದಕ್ಕೊಂದು 7 ಇಡಿ. ಮೀನು ಹುಡುಕುವ ಫಿಶ್ ಫೈಂಡರ್ ರಾತ್ರಿ ಆನ್ ಇಡೋದು ಕಡಿಮೆ, 2 ಸಾಕು. ಒಟ್ಟು 70 ಎಎಚ್. ನಿಮ್ಮ ಹತ್ತಿರ ಇರೋದು 300. ಅಂದರೆ ರಾತ್ರಿಗೆ ಕಾಲು ಭಾಗವೂ ಖರ್ಚಾಗುವುದಿಲ್ಲ. ನಿಮ್ಮದರ ಹಾಗೆ ಗಂಟೆಗಟ್ಟಲೆ ಕರೆಂಟ್ ಕೊಡುವ ಡೀಪ್ ಸೈಕಲ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಅನ್ನುತ್ತಾರೆ. ನೀವು ಅದರ ಹತ್ತಿರಕ್ಕೂ ಹೋಗುತ್ತಿಲ್ಲ.

ಹಾಗಾದರೆ ಬ್ಯಾಟರಿ ಹೆಚ್ಚು ಕೆಲಸ ಮಾಡಿ ಸತ್ತಿಲ್ಲ. ಊಟ ಸಾಲದೆ ಸತ್ತಿದೆ. ಇಪ್ಪತ್ತು ವರ್ಷದಿಂದ ಬೋಟಿನ ವೈರಿಂಗ್ ಮಾಡುತ್ತಿದ್ದೇನೆ. ನನ್ನ ಮುಂದೆ ಬಂದ ಸತ್ತ ಬ್ಯಾಟರಿಗಳಲ್ಲಿ ಹೆಚ್ಚಿನವು ಇದೇ ಕಾಯಿಲೆಯವು.

ನಿಮ್ಮ ಟ್ಯೂಬ್ಯುಲರ್ ಕೂಡ ಒಂದು ಬಗೆಯ ಲೆಡ್ ಆಸಿಡ್ ಬ್ಯಾಟರಿ. ಅದು ಚಾರ್ಜ್ ಆಗೋದು ಕುಂದಾಪುರದಲ್ಲಿ ಬಸ್ಸಿಗೆ ಜನ ಹತ್ತಿದ ಹಾಗೆ. ಸೀಟ್ ಖಾಲಿ ಇರುವಾಗ ಮೂವತ್ತು ಜನ ಎರಡು ನಿಮಿಷದಲ್ಲಿ ಹತ್ತುತ್ತಾರೆ. ಸೀಟ್ ತುಂಬಿದ ಮೇಲೆ ಒಬ್ಬೊಬ್ಬರೇ ನುಗ್ಗಬೇಕು. ಕೊನೆಯ ಹತ್ತು ಜನಕ್ಕೆ ಹಿಡಿಯುವ ಹೊತ್ತು ಮೊದಲಿನ ಮೂವತ್ತಕ್ಕಿಂತ ಜಾಸ್ತಿ. ಬ್ಯಾಟರಿಯೂ 80 ಪರ್ಸೆಂಟ್‌ವರೆಗೆ ಬೇಗ ಏರುತ್ತದೆ. ಕೊನೆಯ 20 ಪರ್ಸೆಂಟ್‌ಗೆ ನಾಲ್ಕೈದು ಗಂಟೆ ಬೇಕು, ಅದೂ 14.4 ವೋಲ್ಟ್ ಬಿಡದೆ ಕೊಟ್ಟರೆ ಮಾತ್ರ. ಎಂಜಿನ್ ಓಡುವಾಗ ಕರೆಂಟ್ ಮಾಡುವ ಆಲ್ಟರ್ನೇಟರ್ ಮೇಲೆ 55 ಆಂಪಿಯರ್ ಅಂತ ಬರೆದಿದ್ದರೂ ಬ್ಯಾಟರಿ ಆ ಹೊತ್ತಿಗೆ ಎಳೆದುಕೊಳ್ಳೋದು ಆರೋ ಎಂಟೋ ಆಂಪಿಯರ್. ಎಂಜಿನ್ ಎಷ್ಟು ಜೋರು ಮಾಡಿದರೂ ಅಷ್ಟೇ.

70 ಎಎಚ್ ತೆಗೆದರೆ ವಾಪಸ್ 80ಕ್ಕಿಂತ ಹೆಚ್ಚು ಕೊಡಬೇಕು, ದಾರಿಯಲ್ಲಿ ಸ್ವಲ್ಪ ಬಿಸಿಯಾಗಿ ಹೋಗುತ್ತದೆ. ನಿಮ್ಮ ಆರೇಳು ಗಂಟೆಯಲ್ಲಿ ದಿನಕ್ಕೆ ಹತ್ತು ಹದಿನೈದು ಎಎಚ್ ಬಾಕಿ ಉಳಿದರೂ ಟ್ರಿಪ್ಪಿನ ಕೊನೆಗೆ ಎಷ್ಟಾಯಿತು ನೋಡಿ. ಇಳಿದಷ್ಟೂ ಬ್ಯಾಟರಿ ಸ್ವಲ್ಪ ಜಾಸ್ತಿ ಎಳೆದುಕೊಳ್ಳುತ್ತದೆ, ಹಾಗಾಗಿ ಪೂರ್ತಿ ಖಾಲಿ ಆಗುವುದಿಲ್ಲ. ಆದರೆ ಹತ್ತು ದಿನದಲ್ಲಿ ಒಂದು ದಿನವೂ ಪೂರ್ತಿ ತುಂಬಿರುವುದಿಲ್ಲ. ಆಮೇಲೆ ದಕ್ಕೆಗೆ ಬರುತ್ತೀರಿ, ಮೀನು ಇಳಿಸುತ್ತೀರಿ, ಐಸ್ ಡೀಸೆಲ್ ತುಂಬುತ್ತೀರಿ, ಮತ್ತೆ ಹೊರಡುತ್ತೀರಿ. ಬ್ಯಾಟರಿಗೆ ಮಾತ್ರ ಯಾರೂ ಏನೂ ತುಂಬಿಸುವುದಿಲ್ಲ.

ತುಂಬದೆ ಉಳಿದ ಆ ಭಾಗ ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ಆಗಿ ಕೂತಿರುತ್ತದೆ. ಹೊಸದರಲ್ಲಿ ಅದು ಸಕ್ಕರೆ ಪುಡಿಯ ಹಾಗೆ, ಚಾರ್ಜ್ ಕೊಟ್ಟರೆ ಕರಗುತ್ತದೆ. ವಾರಗಟ್ಟಲೆ ಬಿಟ್ಟರೆ ಕಲ್ಲುಸಕ್ಕರೆ ಆಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಕರಗುವುದಿಲ್ಲ, ಅಷ್ಟು ಜಾಗ ಹೋದ ಹಾಗೇ. ನಿಮ್ಮ 300 ಎಎಚ್ ಈಗ ಬಹುಶಃ ನೂರೂ ಇಲ್ಲ. ಇದಕ್ಕೆ ದೊಡ್ಡ ಬ್ಯಾಟರಿ ಪರಿಹಾರವಲ್ಲ ಮಾರಾಯ್ರೆ. ಹಂಡೆ ದೊಡ್ಡದು ಮಾಡಿದರೆ ಬಾವಿಯಲ್ಲಿ ನೀರು ಜಾಸ್ತಿ ಆಗುತ್ತದಾ?

ಹಾಗಾದರೆ ಚಾರ್ಜ್ ಯಾಕೆ ಸಾಲುತ್ತಿಲ್ಲ? ಇದನ್ನು ನೀವೇ ನೋಡಬಹುದು. ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯೆಲ್ಲ ಲೈಟ್ ಉರಿದ ಮೇಲೆ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡಿ. ಹದಿನೈದು ನಿಮಿಷ ಬಿಟ್ಟು, ಆಲ್ಟರ್ನೇಟರ್ ಹಿಂದಿನ ದಪ್ಪ ಬೋಲ್ಟಿನಲ್ಲಿ ವೋಲ್ಟೇಜ್ ನೋಡಿ. ಫ್ಯಾನ್ ಬೆಲ್ಟ್ ಪಕ್ಕದಲ್ಲೇ ಓಡುತ್ತಿರುತ್ತದೆ, ಕೈ ಜಾಗ್ರತೆ. ಆಮೇಲೆ ಬ್ಯಾಟರಿಯ ಸೀಸದ ಕಂಬದ ಮೇಲೇ ಮೀಟರಿನ ಮೊನೆ ಇಟ್ಟು ನೋಡಿ. ವೈರಿನ ತುದಿಯ ಲಗ್ ಮೇಲೆ ಅಲ್ಲ, ಕಂಬದ ಮೇಲೆ. ಅಲ್ಲಿ 14.2, ಇಲ್ಲಿ 13.6 ಬಂದರೆ ನಡುವೆ 0.6 ವೋಲ್ಟ್ ಯಾರೋ ತಿನ್ನುತ್ತಿದ್ದಾರೆ. 13.6ರಲ್ಲಿ ಲೆಡ್ ಆಸಿಡ್ ಬ್ಯಾಟರಿ ಆರು ಗಂಟೆಯಲ್ಲಿ ಪೂರ್ತಿ ತುಂಬಲು ಸಾಧ್ಯವೇ ಇಲ್ಲ.

ಯಾರು ತಿನ್ನುತ್ತಿದ್ದಾರೆ ಅಂತ ಹಿಡಿಯೋದು ಸುಲಭ. ಎಂಜಿನ್ ಓಡುತ್ತಿರುವಾಗಲೇ ಮೀಟರಿನ ಒಂದು ಮೊನೆ ಕಂಬದ ಮೇಲೆ, ಇನ್ನೊಂದು ಮೊನೆ ಅದೇ ಕಂಬದ ಲಗ್ ಮೇಲೆ. ಸೊನ್ನೆಯ ಹತ್ತಿರ ಬರಬೇಕು. 0.1 ಬಂದರೂ ಆ ಜೋಡಣೆ ಕೆಟ್ಟಿದೆ ಅಂತ ಲೆಕ್ಕ. ಹೀಗೇ ಫ್ಯೂಸ್, ಮೈನ್ ಸ್ವಿಚ್, ಪ್ರತಿ ಲಗ್ ದಾಟುತ್ತಾ ಹೋಗಿ. ಮೈನಸ್ ಕಡೆ ಯಾರೂ ನೋಡುವುದಿಲ್ಲ, ನನಗೆ ಅರ್ಧ ಕಳ್ಳರು ಸಿಗೋದು ಅಲ್ಲೇ. ಎಂಜಿನ್ ಬ್ಲಾಕಿಗೆ ಬಿಗಿದ ಅರ್ತ್ ಬೋಲ್ಟಿನ ಕೆಳಗೆ ಪೇಂಟ್ ಇರುತ್ತದೆ, ಅದರ ಮೇಲೆ ತುಕ್ಕು, ತುಕ್ಕಿನ ಮೇಲೆ ಇನ್ನೊಂದು ಕೋಟ್ ಪೇಂಟ್. ಆಲ್ಟರ್ನೇಟರಿಗೂ ಬ್ಯಾಟರಿಗೂ ನಡುವೆ ಹಳೇ ಕಾಲದ ಡಯೋಡ್ ಐಸೊಲೇಟರ್ (ಕರೆಂಟನ್ನು ಒಂದೇ ಕಡೆ ಬಿಡುವ ಪೆಟ್ಟಿಗೆ) ಇದ್ದರೆ ಅದೊಂದೇ ಅರ್ಧ ವೋಲ್ಟಿಗಿಂತ ಜಾಸ್ತಿ ನುಂಗುತ್ತದೆ. ಅದನ್ನು ತೆಗೆದು, ವೋಲ್ಟೇಜಿಗೆ ತಕ್ಕಂತೆ ತಾನಾಗಿ ಜೋಡಿಸಿ ಬಿಡಿಸುವ ರಿಲೇ ಹಾಕಿಸಿ. 13.3ರ ಸುಮಾರಿಗೆ ಸ್ಟಾರ್ಟಿಂಗ್ ಬ್ಯಾಟರಿಯನ್ನೂ ಈ ಬ್ಯಾಟರಿಗಳನ್ನೂ ಜೋಡಿಸುತ್ತದೆ, ಎಂಜಿನ್ ನಿಂತು ವೋಲ್ಟೇಜ್ ಇಳಿದಾಗ ಬೇರೆ ಮಾಡುತ್ತದೆ. ಸ್ಟಾರ್ಟಿಂಗ್ ಬ್ಯಾಟರಿಯೂ ಸುರಕ್ಷಿತ.

ವೈರ್ ಸಿಪ್ಪೆ ಸುಲಿದು ನೋಡಿ. ತಾಮ್ರ ಕಪ್ಪಾಗಿ, ಹಸಿರು ಪುಡಿ ಬಂದಿದ್ದರೆ ಉಪ್ಪುಗಾಳಿ ಒಳಗೆ ಹೋಗಿದೆ. ತುದಿ ಕತ್ತರಿಸಿ ಹೊಸ ಲಗ್ ಹಾಕಿದರೆ ಸಾಲದು, ಕೆಲವೊಮ್ಮೆ ಎರಡಡಿ ಒಳಗೂ ಕಪ್ಪೇ ಇರುತ್ತದೆ. ಬೋಟಿಗೆ ತವರದ ಲೇಪ ಇರುವ ತಾಮ್ರದ ವೈರ್ ತನ್ನಿ. ಬೆಲೆ ಜಾಸ್ತಿ, ಆದರೆ ಒಂದೇ ಸಲ. ಟರ್ಮಿನಲ್ ಮೇಲಿನ ಬಿಳಿ ಪುಡಿ ಅಡಿಗೆ ಸೋಡ ಹಾಕಿದ ಬಿಸಿನೀರಿಗೆ ನೊರೆ ಬಂದು ಹೋಗುತ್ತದೆ. ಸೋಡ ನೀರು ಸೆಲ್ಲಿನ ಒಳಗೆ ಬೀಳದ ಹಾಗೆ ಮುಚ್ಚಳ ಬಿಗಿಯಾಗಿರಲಿ. ಒಣಗಿದ ಮೇಲೆ ಬಿಗಿದು, ಮೇಲೆ ವ್ಯಾಸ್ಲಿನ್ ಹಚ್ಚಿ. ಮೊದಲು ಬಿಗಿಯೋದು, ಆಮೇಲೆ ವ್ಯಾಸ್ಲಿನ್. ತುಂಬಾ ಜನ ಉಲ್ಟಾ ಮಾಡುತ್ತಾರೆ.

ಇನ್ನೊಂದು ಚಿಕ್ಕ ವಿಷಯ. ಎರಡು ಬ್ಯಾಟರಿ ಪ್ಯಾರಲಲ್ ಇದ್ದಾಗ ಪ್ಲಸ್ ಮೈನಸ್ ಎರಡೂ ಒಂದೇ ಬ್ಯಾಟರಿಯಿಂದ ತೆಗೆದಿದ್ದೀರಾ ನೋಡಿ. ಹಾಗಿದ್ದರೆ ಮುಂದಿನದು ದುಡಿಯುತ್ತದೆ, ಹಿಂದಿನದು ನಿದ್ದೆ ಮಾಡುತ್ತದೆ. ಪ್ಲಸ್ ಒಂದರಿಂದ, ಮೈನಸ್ ಇನ್ನೊಂದರಿಂದ ತೆಗೆಯಿರಿ. ಹಳೆಯದಕ್ಕೆ ಹೊಸದು ಜೋಡಿಸಬೇಡಿ, ಹೊಸದೂ ಬೇಗ ಹಳೆಯದಾಗುತ್ತದೆ.

ಈಗ ಹೈಡ್ರೋಮೀಟರ್, ಅಂದರೆ ಆಸಿಡ್ ಎಷ್ಟು ಗಟ್ಟಿ ಅಂತ ಅಳೆಯುವ ಸಾಧನ. ವೋಲ್ಟ್ ಮೀಟರ್ ಸುಳ್ಳು ಹೇಳಬಹುದು, ಈಗಷ್ಟೇ ಚಾರ್ಜ್ ನಿಲ್ಲಿಸಿದ ಸತ್ತ ಬ್ಯಾಟರಿಯೂ 12.9 ತೋರಿಸುತ್ತದೆ. ನಾಲ್ಕೈದು ಗಂಟೆ ಏನೂ ಎಳೆಯದೆ ಬಿಟ್ಟ ಮೇಲೆ ನೋಡಿದರೆ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ 12.5ರ ಆಸುಪಾಸು ಅಂದರೆ ಫುಲ್, ಅಲ್ಲಿಂದ ಇಳಿದಷ್ಟೂ ಖಾಲಿ ಅಂತ ಅಂದಾಜು ಸಿಗುತ್ತದೆ. ಆದರೆ ಸಮುದ್ರದಲ್ಲಿ ಬೋಟ್ ಅಷ್ಟು ಹೊತ್ತು ಸುಮ್ಮನಿರುವುದು ಯಾವಾಗ? ಅದಕ್ಕೇ ನಾನು ಆಸಿಡ್ ಅಳೆಯುತ್ತೇನೆ.

ಪ್ರತಿ ಸೆಲ್ಲಿನ ಮುಚ್ಚಳ ತೆಗೆದು ರಬ್ಬರ್ ಬುರುಡೆ ಒತ್ತಿ ಆಸಿಡ್ ಎಳೆಯಿರಿ. ಮೊದಲ ಸಲ ಎಳೆದದ್ದನ್ನು ಅಲ್ಲೇ ಬಿಡಿ, ಗಾಜಿನ ಒಳಗೆ ಹಿಂದಿನ ಸೆಲ್ಲಿನ ಹನಿ ಇರುತ್ತದೆ. ಎರಡನೇ ಸಲ ಎಳೆದು, ಒಳಗಿನ ಕಡ್ಡಿ ಗೋಡೆಗೆ ತಾಗದೆ ತೇಲುವ ಹಾಗೆ ಹಿಡಿದು, ಕಣ್ಣಿನ ಮಟ್ಟಕ್ಕೆ ತಂದು ಓದಿ. ಇದನ್ನು ದಕ್ಕೆಯಲ್ಲಿ ನಿಂತಾಗ ಮಾಡಿ, ಹೊರಗೆ ಬೋಟ್ ಉರುಳುವಾಗ ಮಾಡಲು ಹೋದರೆ ಆಸಿಡ್ ನಿಮ್ಮ ಅಂಗಿಗೆ. ನಮ್ಮಲ್ಲಿ ಸಿಗುವ ಟ್ಯೂಬ್ಯುಲರ್ ಬ್ಯಾಟರಿಗಳು ಫುಲ್ ಇದ್ದಾಗ ಸಾಮಾನ್ಯವಾಗಿ 1.240ರ ಆಸುಪಾಸು ತೋರಿಸುತ್ತವೆ (ಬರೀ ನೀರು 1.000 ಅಂತ ಲೆಕ್ಕ). ಬ್ಯಾಟರಿಯ ಲೇಬಲ್ ಮೇಲೆ ಇರುವ ನಂಬರ್ ನೋಡಿಕೊಳ್ಳಿ. ಬೇರೆ ದೇಶದವರ ವಿಡಿಯೋದಲ್ಲಿ ಹೇಳುವ 1.265, 1.275 ನೋಡಿ ಗಾಬರಿ ಬೇಡ, ಬಿಸಿ ಊರಿಗೆ ಆಸಿಡ್ ತೆಳುವಾಗಿ ಹಾಕುತ್ತಾರೆ. ಆರು ಸೆಲ್ಲಿನ ನಡುವೆ 30 ಪಾಯಿಂಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಅಂದರೆ ಒಂದು 1.235 ಇನ್ನೊಂದು 1.200 ಹೀಗೆ ಬಂದರೆ, ಆ ಬ್ಯಾಟರಿಗೆ ಈಕ್ವಲೈಸ್ ಚಾರ್ಜ್ ಬೇಕು.

ಈಕ್ವಲೈಸ್ ಅಂದರೆ ಪೂರ್ತಿ ತುಂಬಿದ ಮೇಲೂ 15ರಿಂದ 15.5 ವೋಲ್ಟಿನಲ್ಲಿ ಎರಡು ಮೂರು ಗಂಟೆ ಸಣ್ಣ ಕರೆಂಟ್ ಕೊಡೋದು. ಆಸಿಡ್ ಕುದಿಯುವ ಹಾಗೆ ಗುಳ್ಳೆ ಬರುತ್ತದೆ, ಬರಲೇಬೇಕು. ತಿಂಗಳಿಗೆ ಒಂದು ಸಲ ಸಾಕು. ಜಿಪಿಎಸ್, ವೈರ್‌ಲೆಸ್, ಫಿಶ್ ಫೈಂಡರ್ ಎಲ್ಲದರ ವೈರ್ ಬಿಚ್ಚಿ ಇಡಿ. ಆ ಗುಳ್ಳೆಯಲ್ಲಿ ಇರೋದು ಹೈಡ್ರೋಜನ್. ಗಾಳಿಯಲ್ಲಿ 4 ಪರ್ಸೆಂಟ್ ಸೇರಿದರೆ ಒಂದು ಕಿಡಿ ಸಾಕು, ಬ್ಯಾಟರಿ ಬಾಂಬ್ ಆಗುತ್ತದೆ. ಬ್ಯಾಟರಿ ಇಟ್ಟ ಕಡೆಯ ಬಾಗಿಲು ತೆರೆದಿಡಿ, ಬೋಟಿನ ಕೆಲಸದ ಕಲಾಸಿಗಳಿಗೆ ಬೀಡಿ ದೂರ ಹೋಗಿ ಸೇದಲು ಹೇಳಿ. ನೀರು ಹಾಕದ ಸೀಲ್ಡ್ ಬ್ಯಾಟರಿಗೆ ಇದನ್ನು ಮಾಡಲೇಬಾರದು.

ಮನೆಯ ಇನ್ವರ್ಟರ್ ಬ್ಯಾಟರಿಯಲ್ಲಿ ಗಟ್ಟಿ ಆಸಿಡ್ ಕೆಳಗೆ, ತೆಳು ಆಸಿಡ್ ಮೇಲೆ ನಿಂತುಬಿಡುವ ತೊಂದರೆ ಇದೆ. ಬೋಟಿನಲ್ಲಿ ಅದು ಕಡಿಮೆ, ಅಲೆಯೇ ಕಲಕುತ್ತಿರುತ್ತದೆ. ಸಮುದ್ರ ಬ್ಯಾಟರಿಗೆ ಮಾಡುವ ಉಪಕಾರ ಇದೊಂದೇ.

ನೀರು ಹಾಕುವ ವಿಷಯದಲ್ಲಿ ನನ್ನದೇ ಒಂದು ತಪ್ಪು ಹೇಳುತ್ತೇನೆ. ಹೊಸದಾಗಿ ಈ ಕೆಲಸಕ್ಕೆ ಇಳಿದಾಗ ಒಂದು ಬೋಟಿನ ಬ್ಯಾಟರಿಗೆ ಚಾರ್ಜ್ ಮಾಡುವ ಮೊದಲೇ ಕಂಠಮಟ್ಟ ನೀರು ತುಂಬಿಸಿದೆ. ಚಾರ್ಜ್ ಆಗುವಾಗ ಆಸಿಡ್ ಉಬ್ಬಿ ಉಕ್ಕಿ ಹೊರಗೆ ಬಂತು, ಕೆಳಗಿನ ಪ್ಲೈವುಡ್ ತಿಂದು ಹಾಕಿತು. ಬೋಟ್ ನಡೆಸುವ ತಾಂಡೇಲ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಪ್ಲೇಟ್ ಮುಳುಗುವಷ್ಟು ಮಾತ್ರ ಮೊದಲು, ಉಳಿದದ್ದು ಫುಲ್ ಚಾರ್ಜ್ ಆದ ಮೇಲೆ. ಡಿಸ್ಟಿಲ್ಡ್ ವಾಟರ್ ಮಾತ್ರ. ಎಸಿಯಿಂದ ತೊಟ್ಟಿಕ್ಕುವ ನೀರು ಶುದ್ಧ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಅದರಲ್ಲಿ ತಾಮ್ರ, ಅಲ್ಯೂಮಿನಿಯಂ, ಧೂಳು ಎಲ್ಲಾ ಇರುತ್ತದೆ. ಕಡಲ ಪಕ್ಕದ ಬಾವಿ ನೀರಂತೂ ಬೇಡವೇ ಬೇಡ. ಆಸಿಡ್ ಎಂದೂ ಸೇರಿಸಬೇಡಿ, ಆವಿಯಾಗಿ ಹೋಗೋದು ನೀರು ಮಾತ್ರ.

ಸಮುದ್ರದ ನೀರು ಸೆಲ್ಲಿನೊಳಗೆ ಹೋದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಉಸಿರು ಕಟ್ಟುತ್ತದೆ. ಹಾಗಾಗಿ ತಳದಲ್ಲಿ ನೀರು ನಿಲ್ಲುವ ಕಡೆ ಬ್ಯಾಟರಿ ಇಡಬಾರದು. ಎಂಜಿನ್ ಪಕ್ಕವೂ ಬೇಡ. ಎಂಜಿನ್ ರೂಮ್ 45 ಡಿಗ್ರಿ ಮುಟ್ಟೋದು ಮಾಮೂಲು. ಹತ್ತು ಡಿಗ್ರಿ ಬಿಸಿ ಏರಿದರೆ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧ ಆಗುತ್ತದೆ ಅನ್ನೋದು ಹಳೆಯ ಲೆಕ್ಕ, ನನ್ನ ಅನುಭವಕ್ಕೂ ಸರಿಹೋಗಿದೆ. ಕ್ಯಾಬಿನ್ ಹಿಂದೆ ಗಾಳಿಯಾಡುವ ಪೆಟ್ಟಿಗೆ ಮಾಡಿಸಿ, ಕೆಳಗೆ ರಬ್ಬರ್ ಶೀಟ್ ಹಾಕಿ, ಅಲುಗಾಡದ ಹಾಗೆ ಬೆಲ್ಟ್ ಬಿಗಿಯಿರಿ. ಪೆಟ್ಟಿಗೆಯ ಮೇಲ್ಭಾಗದಲ್ಲಿ ತೂತು ಇರಲಿ, ಹೈಡ್ರೋಜನ್ ಮೇಲಕ್ಕೆ ಹೋಗುವ ಗ್ಯಾಸ್.

ವೈರಿಂಗ್ ಸರಿ ಮಾಡಿದರೆ ಅರ್ಧ ಕೆಲಸ ಆಯಿತು. ಉಳಿದ ಅರ್ಧ ಆ ಕೊನೆಯ 20 ಪರ್ಸೆಂಟ್. ಅದಕ್ಕಾಗಿ ಡೀಸೆಲ್ ಸುಡುತ್ತಾ ಎಂಜಿನ್ ಓಡಿಸೋದು ಹುಚ್ಚು. ಕ್ಯಾಬಿನ್ ಮಾಡಿನ ಮೇಲೆ 200 ವ್ಯಾಟ್ ಸೋಲಾರ್ ಪ್ಯಾನೆಲ್ ಹಾಕಿಸಿ. ಒಳ್ಳೇ ಬಿಸಿಲಿನ ದಿನ ಸುಮಾರು 50 ಎಎಚ್ ಕೊಡುತ್ತದೆ. ಆದರೆ ನಾನು ಸೋಲಾರ್ ಹೇಳೋದು ಆ 50ಕ್ಕಾಗಿ ಅಲ್ಲ. ಬಲೆ ಎಳೆದು ಎಂಜಿನ್ ನಿಲ್ಲಿಸಿ ನೀವೆಲ್ಲ ಮಲಗಿದಾಗ, ಮಧ್ಯಾಹ್ನ ಪೂರ್ತಿ ಆರೆಂಟು ಆಂಪಿಯರ್ ನಿಧಾನವಾಗಿ ಬರುತ್ತಿರುತ್ತದೆ ಅಲ್ವಾ, ಬ್ಯಾಟರಿಗೆ ಆ ಹೊತ್ತಿಗೆ ಬೇಕಾಗಿರೋದು ಅಷ್ಟೇ. ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವಿನ ಕಂಟ್ರೋಲರಿನಲ್ಲಿ ನೀರು ಹಾಕುವ ಲೆಡ್ ಆಸಿಡ್ ಅಂತ ಆರಿಸಿ, 14.4 ವೋಲ್ಟ್ ಇದೆಯಾ ನೋಡಿ. ಕಂಬದ ನೆರಳು, ಬಾವುಟದ ನೆರಳು ಪ್ಯಾನೆಲ್ ಮೇಲೆ ಬೀಳಬಾರದು. ಒಂದು ಗೆರೆ ನೆರಳು ಬಿದ್ದರೂ ಕರೆಂಟ್ ಎಷ್ಟೋ ಇಳಿಯುತ್ತದೆ. ಉಪ್ಪು ಕೂತರೆ ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ.

ದಕ್ಕೆಗೆ ಬಂದ ರಾತ್ರಿ ಕರೆಂಟ್ ಸಿಗುವಂತಿದ್ದರೆ 30 ಆಂಪಿಯರಿನ ಮೂರು ಹಂತದ ಚಾರ್ಜರ್ ಹಾಕಿ ಬೆಳಗಿನವರೆಗೆ ಬಿಡಿ. ಮತ್ತೆ, ವೋಲ್ಟೇಜ್ 12ರ ಹತ್ತಿರ ಬಂದರೆ ಫ್ಯಾನ್, ಹೆಚ್ಚುವರಿ ಲೈಟ್ ತಾನಾಗಿ ಕಟ್ ಆಗುವ ಒಂದು ಸಣ್ಣ ಕಟ್‌ಆಫ್ ಹಾಕಿಸಿ. ವೈರ್‌ಲೆಸ್ಸನ್ನೂ ಬೋಟ್ ಗುರುತಿನ ಲೈಟನ್ನೂ ಅದಕ್ಕೆ ಸೇರಿಸಬೇಡಿ. ರಾತ್ರಿ ಹಡಗು ಓಡಾಡುವ ದಾರಿಯಲ್ಲಿ ಬಲೆ ಬಿಟ್ಟು ಕತ್ತಲಲ್ಲಿ ತೇಲೋದು ಬ್ಯಾಟರಿ ಹೋಗೋದಕ್ಕಿಂತ ದೊಡ್ಡ ಕಷ್ಟ.

ಮಳೆಗಾಲದ ಮಾತು ನೀವು ಬರೆದಿಲ್ಲ, ಆದರೆ ನಿಮ್ಮ ಬ್ಯಾಟರಿಯ ಕಥೆ ಅರ್ಧ ಅಲ್ಲೇ ಮುಗಿದಿರಬಹುದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ಬಂದ್. ಕೊನೆಯ ಟ್ರಿಪ್ ಮುಗಿಸಿ ಬೋಟ್ ಕಟ್ಟುತ್ತೀರಿ. ಬ್ಯಾಟರಿ ಆಗ ಮುಕ್ಕಾಲೋ ಅರ್ಧವೋ ತುಂಬಿರುತ್ತದೆ. ಬಳಸದೆ ಇಟ್ಟರೂ ಅದು ತಾನಾಗಿ ಇಳಿಯುತ್ತದೆ, ಹಳೆಯದಾದಷ್ಟೂ ಜಾಸ್ತಿ. ಮೈನ್ ಸ್ವಿಚ್ ದಾಟಿ ಒಂದು ಆಟೊಮ್ಯಾಟಿಕ್ ಪಂಪೋ, ಏನೋ ಒಂದು ಸಣ್ಣ ಕೆಂಪು ಲೈಟೋ ಉಳಿದಿದ್ದರೆ ಮುಗಿದೇ ಹೋಯಿತು. ಆಗಸ್ಟಿನಲ್ಲಿ ಬಂದು ನೋಡುವಾಗ ಒಳಗೆ ಕಲ್ಲುಸಕ್ಕರೆ.

ಮೇ ಕೊನೆಯಲ್ಲೇ ಬ್ಯಾಟರಿ ಬಿಚ್ಚಿ ಮನೆಗೆ ತನ್ನಿ. ಬಿಚ್ಚುವಾಗ ಮೊದಲು ಮೈನಸ್, ಸ್ಪ್ಯಾನರಿನ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿರಲಿ. ಪೂರ್ತಿ ಚಾರ್ಜ್ ಮಾಡಿ, ನೀರು ಸರಿ ಮಾಡಿ, ತಿಂಗಳಿಗೊಮ್ಮೆ ಒಂದು ರಾತ್ರಿ ಚಾರ್ಜರ್ ಹಾಕಿ. ನೆಲಕ್ಕೆ ಇಟ್ಟರೆ ಸಿಮೆಂಟ್ ಚಾರ್ಜ್ ಎಳೆಯುತ್ತದೆ ಅನ್ನೋದು ಮರದ, ರಬ್ಬರಿನ ಪೆಟ್ಟಿಗೆ ಇದ್ದ ಕಾಲದ ಮಾತು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಅದು ಅನ್ವಯಿಸುವುದಿಲ್ಲ. ಇದಕ್ಕಿಂತ ಜಾಣ ಉಪಾಯ ನನಗೆ ಒಬ್ಬ ಬೋಟ್ ಮಾಲೀಕರು ಹೇಳಿಕೊಟ್ಟದ್ದು: ಆ ಎರಡು ತಿಂಗಳು ಅವರು ಬೋಟಿನ ಬ್ಯಾಟರಿಯನ್ನು ಮನೆಯ ಇನ್ವರ್ಟರಿಗೆ ಹಾಕಿಡುತ್ತಾರೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗೋದು ಹೇಳಬೇಕಾ? ದಿನಾ ಸ್ವಲ್ಪ ಕೆಲಸ, ದಿನಾ ಹೊಟ್ಟೆ ತುಂಬಾ ಊಟ. ಇನ್ವರ್ಟರಿನ ಸ್ವಿಚ್ ಮಾತ್ರ ಟ್ಯೂಬ್ಯುಲರ್ ಅನ್ನುವ ಕಡೆ ಇರಲಿ.

ಇನ್ನು ಲಿಥಿಯಂ. ಅದರಲ್ಲೂ ಲಿಥಿಯಂ ಐರನ್ ಫಾಸ್ಫೇಟ್, ಬೋಟಿಗೆ ಬೇರೆ ಬಗೆ ಬೇಡ. ಅದಕ್ಕೆ ಈ ಅರೆಹೊಟ್ಟೆಯ ಕಾಯಿಲೆ ಇಲ್ಲ, ಅರ್ಧ ತುಂಬಿದ್ದರೂ ಕೆಡುವುದಿಲ್ಲ. 80 ಪರ್ಸೆಂಟ್ ಆರಾಮಾಗಿ ಬಳಸಬಹುದು, ನಿಮಗೆ 150 ಎಎಚ್ ಒಂದೇ ಸಾಕು. ತೂಕವೂ ಕಡಿಮೆ. ಕಷ್ಟ ಬರೋದು ಆಲ್ಟರ್ನೇಟರಿಗೆ. ಲೆಡ್ ಬ್ಯಾಟರಿ ತುಂಬುತ್ತಾ ಬಂದ ಹಾಗೆ ಕರೆಂಟ್ ಕಡಿಮೆ ಎಳೆಯುತ್ತದೆ, ಆಲ್ಟರ್ನೇಟರ್ ತಣ್ಣಗಾಗುತ್ತದೆ. ಲಿಥಿಯಂ ಕೊನೆಯವರೆಗೂ ಕೊಟ್ಟಷ್ಟೂ ಎಳೆಯುತ್ತದೆ, ಆಲ್ಟರ್ನೇಟರ್ ಗಂಟೆಗಟ್ಟಲೆ ಫುಲ್ ಲೋಡಿನಲ್ಲಿ ದುಡಿದು ಸುಟ್ಟು ಹೋಗಬಹುದು. ಲಿಥಿಯಂ ಬ್ಯಾಟರಿಯ ಒಳಗಿನ ಬಿಎಂಎಸ್ ಅನ್ನುವ ಕಾವಲು ಸರ್ಕ್ಯೂಟ್ ಏನೋ ಕಾರಣಕ್ಕೆ ಫಟ್ ಅಂತ ಕಟ್ ಮಾಡಿದರೆ ಆಲ್ಟರ್ನೇಟರಿನ ಡಯೋಡೂ ಹೋಗಬಹುದು. ಹಾಗಾಗಿ ಲಿಥಿಯಂ ಹಾಕುವುದಾದರೆ ನಡುವೆ ಎಳೆಯುವ ಕರೆಂಟಿಗೆ ಮಿತಿ ಹಾಕುವ 30 ಆಂಪಿಯರಿನ ಡಿಸಿ ಟು ಡಿಸಿ ಚಾರ್ಜರ್ ಕಡ್ಡಾಯ. ಸ್ಟಾರ್ಟಿಂಗ್ ಬ್ಯಾಟರಿ ಲೆಡ್ ಆಗಿಯೇ ಇರಲಿ. ಈಕ್ವಲೈಸ್ ಇರುವ ಹಳೇ ಚಾರ್ಜರ್ ಬಳಸಬೇಡಿ.

ನನ್ನ ಸಲಹೆ ಕೇಳಿದರೆ ಈ ಸಲ ಮತ್ತೆ ಟ್ಯೂಬ್ಯುಲರ್ ಹಾಕಿ, ಉಳಿದ ದುಡ್ಡಿನಲ್ಲಿ ವೈರಿಂಗ್, ಸೋಲಾರ್, ಚಾರ್ಜರ್ ಮಾಡಿಸಿ. ಮುಂದೆ ಲಿಥಿಯಂಗೆ ಹೋದರೂ ಒಳ್ಳೇ ವೈರೂ ಪ್ಯಾನೆಲ್ಲೂ ವ್ಯರ್ಥ ಆಗುವುದಿಲ್ಲ. ರಾತ್ರಿಗೆ ಕಾಲು ಭಾಗ ಖರ್ಚು ಮಾಡಿ ಮರುದಿನ ಪೂರ್ತಿ ತುಂಬುವ ಬ್ಯಾಟರಿ ನಾಲ್ಕು ವರ್ಷ ಬರದೇ ಇರಲು ಕಾರಣವಿಲ್ಲ. ಅಂಗಡಿಯಲ್ಲಿ ತಯಾರಾದ ತಿಂಗಳು ಯಾವುದು ಕೇಳಿ. ಆರು ತಿಂಗಳು ಚಾರ್ಜ್ ಇಲ್ಲದೆ ಮೂಲೆಯಲ್ಲಿ ಕೂತದ್ದನ್ನು ಹೊಸದು ಅಂತ ತರಬೇಡಿ.

ಹಳೆಯ ಎರಡನ್ನು ಗುಜರಿಗೆ ಕೊಡುವ ಮೊದಲು ಒಂದು ಪ್ರಯತ್ನ ಮಾಡಿ. ಎರಡನ್ನೂ ಬೇರೆ ಬೇರೆ ಮಾಡಿ, ಒಂದೊಂದಕ್ಕೂ ಹತ್ತು ಹದಿನೈದು ಆಂಪಿಯರಿನಲ್ಲಿ ಒಂದು ಹಗಲು ಒಂದು ರಾತ್ರಿ ಚಾರ್ಜ್ ಕೊಟ್ಟು, ಈಕ್ವಲೈಸ್ ಮಾಡಿ. ಕೈ ಇಟ್ಟರೆ ತಡೆಯದಷ್ಟು ಬಿಸಿ ಆದರೆ ನಿಲ್ಲಿಸಿ. ಆಮೇಲೆ ಹನ್ನೆರಡು ಸೆಲ್ಲಿನ ನಂಬರ್ ಒಂದು ಚೀಟಿಯಲ್ಲಿ ಬರೆಯಿರಿ. ಎಲ್ಲಾ ಸೆಲ್ಲೂ ಒಂದೇ ರೀತಿ ಸ್ವಲ್ಪ ಏರಿದ್ದರೆ ಇನ್ನೆರಡು ಸಲ ಹೀಗೇ ಮಾಡಿ ನೋಡಬಹುದು, ಮನೆ ಇನ್ವರ್ಟರಿಗಾದರೂ ಆದೀತು. ಒಂದು ಸೆಲ್ ಮಾತ್ರ 1.100ರಲ್ಲೇ ನಿಂತು ಅಲ್ಲಾಡದೆ ಇದ್ದರೆ ಅದರ ಆಸೆ ಬಿಡಿ, ಹೊಸದು ಕೊಳ್ಳುವಾಗ ಅಂಗಡಿಗೇ ವಾಪಸ್ ಕೊಟ್ಟು, ಹೊಸದರ ಬೆಲೆಯಲ್ಲಿ ಹಳೆಯದರ ಸೀಸದ ಬೆಲೆ ಕಳೆಯಲು ಹೇಳಿ.